ಮಡಿಯಲ್ಲಿ ಓದಿದ ಮಳೆಗಾಲ

ಮಡಿಗೆ ಉಡುವ ಉಣ್ಣೆಯ ದಾಬಳಿಗೆ ಅದರದ್ದೇ ಒಂದು ವಾಸನೆ. ನುಸಿಗುಳಿಗೆ, ಒಣಗಿದ ಬೇವಿನ ಸೊಪ್ಪು, ಎಂದೋ ತಾಗಿದ ಒಗ್ಗರಣೆಯ ಹೊಗೆ, ಇವೆಲ್ಲ ಕೂಡಿದ ಹಳೆಯ ಉಣ್ಣೆಯ ವಾಸನೆ. ಈ ಸಲದ ದಸರಾ ರಜೆಯಲ್ಲಿ, ಮುಳಬಾಗಿಲಿನ ಬೆಟ್ಟವೇ ಕಾಣದಷ್ಟು ಮೋಡ ಕವಿದಿದ್ದ ಒಂದು ಬೆಳಿಗ್ಗೆ, ನಮ್ಮತ್ತೆ ಆ ದಾಬಳಿ ಬೇಕು ಎಂದರು. ಅಟ್ಟದ ಟ್ರಂಕು ಇಳಿಸಿ ಮುಚ್ಚಳ ತೆಗೆದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಓಮನ ನಿಯಮ ತಾನಾಗಿ ನನ್ನ ಬಾಯಿಗೆ ಬಂತು. ಜೊತೆಗೆ ನಗುವೂ ಬಂತು. ಉಣ್ಣೆಯ ವಾಸನೆಗೆ ಬೇರೆಯವರಿಗೆ ಚಳಿಗಾಲ ನೆನಪಾಗಬಹುದು, ಅಜ್ಜಿ ನೆನಪಾಗಬಹುದು. ನನಗೆ ವಿದ್ಯುತ್ತಿನ ಪಾಠ ನೆನಪಾಗುತ್ತದೆ.

ಅತ್ತೆ ದಾಬಳಿ ಕೇಳಿದ್ದು ಯಾಕೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಕೆಲವು ವರ್ಷಗಳ ಹಿಂದಿನ ಆ ಮಳೆಗಾಲದ ಸುದ್ದಿ ಹೇಳಬೇಕು.

ಬಿ.ಎಸ್ಸಿ., ಬಿ.ಎಡ್. ಮುಗಿಸಿ, ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿಕೊಂಡಿದ್ದವಳು ನಾನು. ಮಗಳು ಅನು ಹುಟ್ಟಿದ ಮೇಲೆ ಬಿಟ್ಟಿದ್ದೆ. ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿಯಾಗಬೇಕು ಎಂಬುದು ಓದುವ ಕಾಲದಿಂದಲೂ ಇದ್ದ ಆಸೆ. ನೇಮಕಾತಿ ಪರೀಕ್ಷೆಯನ್ನು ಹಿಂದೆ ಬರೆದು ಸ್ವಲ್ಪದರಲ್ಲಿ ಕಳೆದುಕೊಂಡಿದ್ದೆ. ಆ ಶ್ರಾವಣದಲ್ಲಿ ಮತ್ತೆ ಅರ್ಜಿ ಕರೆದಾಗ ನನ್ನ ಗಂಡ ಶ್ರೀನಿಧಿ ವಯೋಮಿತಿ ನೋಡಿ, ಕ್ಯಾಲೆಂಡರು ನೋಡಿ, ಮೆಲ್ಲಗೆ ಹೇಳಿದರು, "ವಾಣಿ, ಇದು ತಪ್ಪಿದ್ರೆ ಮುಂದಿನ ಸಲಕ್ಕೆ ನಿಂಗೆ ವಯಸ್ಸು ದಾಟ್ಹೋಗತ್ತೆ." ಅಂದರೆ ಅದೇ ಕೊನೆಯ ಸಲ.

ಓದಲು ನನಗೆ ಬುದ್ಧಿ ಇರಲಿಲ್ಲ ಅಂತಲ್ಲ. ಹೊತ್ತು ಇರಲಿಲ್ಲ ಅಂತಲೂ ಅಲ್ಲ. ಇದ್ದ ಹೊತ್ತೆಲ್ಲ ಚೂರುಚೂರಾಗಿತ್ತು. ನಮ್ಮದು ಮುಳಬಾಗಿಲಿನ ಹಳೆಯ ಬೀದಿಯ ಮನೆ. ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ಪುಸ್ತಕ ಹಿಡಿದು ಕೂತರೆ ಗ್ಯಾಸಿನವನು ಬಂದ, ಪಕ್ಕದ ಮನೆಯವರು ಕರಿಬೇವಿಗೆ ಬಂದರು, ಅನುವಿನ ಒಂದು ಸಾಕ್ಸು ಕಾಣೆಯಾಯಿತು. ಇವೆಲ್ಲಕ್ಕಿಂತ ದೊಡ್ಡವರು ನಮ್ಮ ಮಾವ. ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದ ಒಂದೇ ಹುದ್ದೆ ಎಂದರೆ ಕನ್ನಡಕ ಕಳೆದುಕೊಳ್ಳುವುದು. "ವಾಣೀ, ನನ್ನ ಕನ್ನಡಕ ನೋಡಿದ್ಯೇನಮ್ಮಾ?" ಎಂದು ಅವರು ಪಡಸಾಲೆಯಿಂದ ಕೂಗಿದರೆ ಎಷ್ಟೋ ಸಲ ಅದು ಅವರ ಹಣೆಯ ಮೇಲೇ ಇರುತ್ತಿತ್ತು. ತುಂಬಾ ಒಳ್ಳೆಯ ಮನುಷ್ಯ, ಬೈಯುವುದಕ್ಕೂ ಆಗುತ್ತಿರಲಿಲ್ಲ.

ಇವರನ್ನೆಲ್ಲ ದೂರಿ ಏನು ಪ್ರಯೋಜನ, ನನ್ನ ಕೈಯಲ್ಲೇ ಒಂದು ಶನಿ ಇತ್ತು. ಫೋನು. ಅದರಲ್ಲಿ ಪರೀಕ್ಷೆಗೆ ಓದುವವರದ್ದೇ ಒಂದು ಗುಂಪು. ಹೇಗೆ ಓದಬೇಕು ಎಂಬುದನ್ನು ಇಡೀ ದಿನ ಅಲ್ಲಿ ಹೇಳಿಕೊಳ್ಳುತ್ತಿದ್ದರು, ಓದುವವರು ಮಾತ್ರ ಯಾರೂ ಇದ್ದಂತೆ ಕಾಣಲಿಲ್ಲ. ಏಕಾಗ್ರತೆಗೆ ಸರಳ ಅಭ್ಯಾಸಗಳು ಎಂಬ ವಿಡಿಯೋಗಳನ್ನು ನಾನು ಎಷ್ಟು ಏಕಾಗ್ರತೆಯಿಂದ ನೋಡುತ್ತಿದ್ದೆನೆಂದರೆ, ಅಷ್ಟು ಹೊತ್ತಿನಲ್ಲಿ ಒಂದು ಅಧ್ಯಾಯ ಮುಗಿಸಬಹುದಾಗಿತ್ತು. ಅನುವಿನ ಸ್ಕೆಚ್ ಪೆನ್ನುಗಳಲ್ಲಿ ಬಣ್ಣಬಣ್ಣದ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಬೆಳಗಿನ ಜಾವ ಎದ್ದು ಪುಸ್ತಕದ ಮೇಲೇ ತಲೆಯಿಟ್ಟು ನಿದ್ದೆ ಮಾಡಿದೆ. ಭಾದ್ರಪದ ಮುಗಿಯುತ್ತ ಬಂದರೂ ನನ್ನ ಓದು ಓಮನ ನಿಯಮ ದಾಟಿರಲಿಲ್ಲ.

ಒಂದು ದಿನ ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಾಗ ಮಾವ ಕೂಗಿದರು, ಕುಕ್ಕರು ಕೂಗಿತು, ಫೋನೂ ಕೂಗಿತು. ನಾನು ಪೆನ್ನನ್ನು ಗೋಡೆಗೆ ಎಸೆದು, ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಮನೆ ಗಪ್‌ಚುಪ್ ಆಯಿತು. ಅಡುಗೆಮನೆಯ ಹೊಸಿಲಿನಾಚೆ ನಮ್ಮತ್ತೆ ಪದ್ಮಾವತಮ್ಮ ಸೌಟು ಹಿಡಿದು ನಿಂತಿದ್ದರು. ಅವರು ಮಡಿಯಲ್ಲಿದ್ದರು, ಹತ್ತಿರ ಬರುವಂತಿರಲಿಲ್ಲ. ಅಲ್ಲಿಂದಲೇ ನೋಡಿ ಒಳಗೆ ಹೋದರು.

ಮಡಿ ಎಂದರೆ ನಮ್ಮ ಮನೆಯಲ್ಲಿ ಹೀಗೆ. ಅತ್ತೆ ಬೆಳಿಗ್ಗೆ ತಣ್ಣೀರು ಸ್ನಾನ ಮಾಡಿ, ಹಿಂದಿನ ದಿನ ಒಗೆದು ಮೇಲಿನ ಗಳುವಿನ ಮೇಲೆ ಒಣಹಾಕಿದ್ದ ಸೀರೆಯನ್ನು ಕೋಲಿನಿಂದ ಇಳಿಸಿ ಉಡುತ್ತಾರೆ. ಅಲ್ಲಿಂದ ಅಡುಗೆ ಮುಗಿದು ದೇವರಿಗೆ ನೈವೇದ್ಯ ಆಗುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ. ಅವರೂ ಹೊರಗಿನ ಏನನ್ನೂ ಮುಟ್ಟುವುದಿಲ್ಲ. ಅಡುಗೆಮನೆಯ ಹೊಸಿಲು ದಾಟಿ ಯಾರೂ ಒಳಗೆ ಹೋಗುವುದಿಲ್ಲ. ಮಾವ ತಮ್ಮ ಕನ್ನಡಕವನ್ನು ಕೂಡ ಅವರ ಹತ್ತಿರ ಕೇಳುವುದಿಲ್ಲ.

ಆ ಸಂಜೆ ಬತ್ತಿ ಹೊಸೆಯುತ್ತ ಅತ್ತೆ ಹೇಳಿದರು, "ವಾಣಿ, ನಾಳೆಯಿಂದ ನೀನೂ ಮಡಿ ಉಟ್ಕೋ."

ನನಗೆ ರೇಗಿತು. "ನಾನೂ ಅಡುಗೆಗೆ ನಿಂತ್ರೆ ಓದೋದು ಯಾವಾಗ ಅತ್ತೆ?"

"ಅಡುಗೆ ಮಾಡು ಅಂತ ಯಾರಂದ್ರು? ಅಡುಗೆ ನಂದು. ನೀನು ಮಡಿ ಉಟ್ಕೊಂಡು ಒಳಗ್ ಕೂತು ಓದು. ಯಾರು ಮಾತಾಡಿಸ್ತಾರೋ ನಾನೂ ನೋಡ್ತೀನಿ."

ಮಡಿಯನ್ನು ನಾನು ಎಂದೂ ಇಷ್ಟಪಟ್ಟವಳಲ್ಲ. ಕೋಲಾರದ ನಮ್ಮ ತವರಿನಲ್ಲಿ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರು, ಇದೆಲ್ಲ ಯಾರಿಗೂ ಪುರುಸೊತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಈ ಹೊಸಿಲು ನೋಡಿದರೆ ಮೈ ಉರಿಯುತ್ತಿತ್ತು. ಅದನ್ನೇ ಅಂದೆ.

"ಮಡಿ ಮಡಿ ಅಂತ ನಾವು ಎಷ್ಟು ಜನರನ್ನ ಹೊರಗೆ ನಿಲ್ಸಿದ್ದೀವಿ ಅತ್ತೆ. ನನಗೆ ಅದು ಬೇಡ."

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ನಿಲ್ಸಿದ್ದೀವಿ. ಇಲ್ಲ ಅಂದ್ನಾ? ತಪ್ಪೇ ಅದು. ಇಷ್ಟು ಕಾಲ ಬೇರೆಯವರನ್ನ ಹೊರಗಿಡೋಕ್ಕೆ ಉಪಯೋಗ್ಸಿದ್ದಾಯ್ತು. ಈಗ ನಮ್ಮನೆಯವರನ್ನ ಹೊರಗಿಡೋಕ್ಕೆ ಉಪಯೋಗ್ಸು."

ಆ ರಾತ್ರಿಯೇ ಒಂದು ಸೀರೆ ಒಗೆದು ಗಳುವಿನ ಮೇಲೆ ಒಣಹಾಕಿದೆ.

ಮಾರನೆಯ ಬೆಳಿಗ್ಗೆ ತಣ್ಣೀರು ಸುರಿದುಕೊಂಡು, ನಡುಗುತ್ತ ಮಡಿಸೀರೆ ಉಟ್ಟು ಹೊಸಿಲು ದಾಟಿದೆ. ಅಡುಗೆಮನೆಯ ಒಂದು ಮೂಲೆಯಲ್ಲಿ, ಬೆಟ್ಟ ಕಾಣುವ ಸಣ್ಣ ಕಿಟಕಿಯ ಕೆಳಗೆ, ಅತ್ತೆ ಒಂದು ಮಣೆ ಹಾಕಿದ್ದರು. ನನ್ನ ಕೈಯಲ್ಲಿ ಫೋನಿತ್ತು. "ಅದು ಆಚೆ," ಎಂದರು.

ಮೂರನೇ ಕ್ಲಾಸಿನ ಅನು ಹೊಸಿಲಿನಾಚೆಯಿಂದ ವಾದಕ್ಕೆ ನಿಂತಳು. "ಅಜ್ಜಿ, ಫೋನಲ್ಲಿ ತಾಮ್ರ ಇರತ್ತಂತೆ, ಒಂಚೂರು ಬಂಗಾರಾನೂ ಇರತ್ತಂತೆ. ಬಂಗಾರ ಮಡಿ ತಾನೆ?"

"ಬಂಗಾರ ಮಡೀನೇ ಕಣೇ. ಆದ್ರೆ ಅದರೊಳಗೆ ಊರೋರೆಲ್ಲ ಬಂದ್ ಹೋಗ್ತಾರಲ್ಲ. ಇನ್ನೆಲ್ಲಿಯ ಮಡಿ?"

ಫೋನು ಪಡಸಾಲೆಯ ಖಾಲಿ ಅಕ್ಕಿಡಬ್ಬದೊಳಗೆ ಹೋಯಿತು. ಇನ್ನು ಪುಸ್ತಕದ ಪ್ರಶ್ನೆ. ನೂರು ಜನ ಮುಟ್ಟಿದ ಕಾಗದ ಹೇಗೆ ಮಡಿಯಾದೀತು ಎಂದು ಅತ್ತೆಗೇ ಅನುಮಾನ ಬಂತು. ಯೋಚಿಸಿ, ಪಂಚಪಾತ್ರೆಯಿಂದ ಒಂದು ಉದ್ಧರಣೆ ನೀರು ತೆಗೆದು, ತುಳಸಿಯ ಸಮೇತ ನನ್ನ ಭೌತಶಾಸ್ತ್ರದ ಟಿಪ್ಪಣಿಯ ಮೇಲೆ ಭಕ್ತಿಯಿಂದ ಪ್ರೋಕ್ಷಣೆ ಮಾಡಿದರು. ಒಂದು ಸಲ ಸಾಲದೆಂದು ಮತ್ತೊಂದು ಸಲ. ಜೆಲ್ ಪೆನ್ನಿನಲ್ಲಿ ಬರೆದಿದ್ದ ಸೂತ್ರಗಳೆಲ್ಲ ನೀಲಿಯಾಗಿ ಹರಿದು ಒಂದಕ್ಕೊಂದು ಸೇರಿಕೊಂಡವು. ಬೆಳಕು, ಶಬ್ದ, ವಿದ್ಯುತ್ತು ಎಲ್ಲವೂ ಒಂದೇ ಕೊಚ್ಚೆ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಅತ್ತೆಯ ಮುಖ ಸಣ್ಣದಾಯಿತು. "ಅಯ್ಯೋ ರಾಮಾ, ಹಾಳ್ಮಾಡ್ಬಿಟ್ನಲ್ಲೇ," ಎಂದು ಸೆರಗಿನಿಂದ ಒರೆಸಲು ಹೋದರು. ಒರೆಸಿದ್ದಕ್ಕೆ ಉಳಿದದ್ದೂ ಹೋಯಿತು. ಅಳಬೇಕೋ ನಗಬೇಕೋ ತಿಳಿಯದೆ ಇಬ್ಬರೂ ನಕ್ಕುಬಿಟ್ಟೆವು. ಆಮೇಲೆ ಅವರೇ ಕೂತು ಯೋಚಿಸಿ ಒಂದು ತೀರ್ಪು ಕೊಟ್ಟರು: "ಕಾಗದ ಹುಲ್ಲಿಂದ, ಮರದಿಂದ ಆಗೋದು. ದರ್ಭೆ ಇದ್ಹಾಗೆ. ಅದಕ್ಕೆ ಮೈಲಿಗೆ ಇಲ್ಲ. ನೀರೂ ಬೇಡ, ಏನೂ ಬೇಡ." ಹೋದ ಟಿಪ್ಪಣಿಯನ್ನು ನಾನು ಮೊದಲಿನಿಂದ ಬರೆಯಬೇಕಾಯಿತು. ಹಾಗೆ ಬರೆಯುತ್ತಲೇ ಓಮನ ನಿಯಮ ದಾಟಿದೆ ಎಂಬುದನ್ನೂ ಹೇಳಬೇಕು.

ಮೊದಲ ವಾರ ಬಹಳ ಕಷ್ಟವಾಯಿತು. ಕೈ ತಾನಾಗಿ ಪಕ್ಕಕ್ಕೆ ಹೋಗಿ ಫೋನು ಹುಡುಕುತ್ತಿತ್ತು. ಮಾವ ಅಭ್ಯಾಸಬಲದಿಂದ "ವಾಣೀ" ಎಂದು ಶುರುಮಾಡಿ, ನೆನಪಾಗಿ ಅರ್ಧಕ್ಕೇ ನುಂಗಿಕೊಳ್ಳುತ್ತಿದ್ದರು. ಆ ಅರ್ಧ ಕೂಗಿಗೂ ನನ್ನ ಮೊಣಕಾಲು ಏಳಲು ಹೊರಡುತ್ತಿತ್ತು. ಅತ್ತೆ ತಿರುಗಿ ನೋಡದೆಯೇ, "ಕೂತ್ಕೋ," ಎನ್ನುತ್ತಿದ್ದರು. ಆ ಒಂದು ಮಾತು ಬಿಟ್ಟರೆ ನಮ್ಮಿಬ್ಬರ ನಡುವೆ ಮಾತಿಲ್ಲ. ಅವರು ಒಲೆಯ ಕಡೆ ಮುಖ ಮಾಡಿ, ನಾನು ಕಿಟಕಿಯ ಕಡೆ ಮುಖ ಮಾಡಿ. ಹೆದ್ದಾರಿಯಲ್ಲಿ ಗಡಿಯ ನಂಗಲಿಯ ಕಡೆ ಹೋಗುವ ಲಾರಿಗಳ ಹಾರ್ನು ದೂರದಿಂದ ಕೇಳುತ್ತಿತ್ತು. ಆಮೇಲಾಮೇಲೆ ಅದೂ ಕೇಳದಂತಾಯಿತು.

ಅತ್ತೆ ಅಡುಗೆ ಮಾಡುವ ರೀತಿಯನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಒಲೆ ಹಚ್ಚುವ ಮೊದಲು ತರಕಾರಿ ಹೆಚ್ಚಿ, ಬೇಳೆ ತೊಳೆದು, ಸಾರಿನಪುಡಿಯ ಡಬ್ಬದಿಂದ ಹಿಡಿದು ಒಗ್ಗರಣೆಯ ಸೌಟಿನ ತನಕ ಎಲ್ಲವೂ ಕೈಗೆಟಕುವಂತೆ ಇರಬೇಕು. ಒಲೆ ಹಚ್ಚಿದ ಮೇಲೆ ಏನನ್ನೂ ಹುಡುಕುವಂತಿಲ್ಲ. ನಾನು ಪೆನ್ಸಿಲಿಗೆಂದು ಏಳಲು ಹೋದಾಗ ಅವರು ಬೈದದ್ದು ಇದೇ ಲೆಕ್ಕದಲ್ಲಿ. "ಕೂರೋಕ್ ಮುಂಚೆ ಎಲ್ಲ ಇಟ್ಕೋಬಾರ್ದೇನೇ? ಎಣ್ಣೆ ಕಾದ್ಮೇಲೆ ಸಾಸ್ವೆ ಹುಡ್ಕ್ತಾರಾ ಯಾರಾದ್ರೂ?" ಏಳುವಾಗಲೂ ಅಷ್ಟೇ. ನಾಳೆ ಎಲ್ಲಿಂದ ಶುರು ಎಂದು ಅವರು ಕೇಳಬೇಕು, ನಾನು ಹೇಳಬೇಕು. ನಾಳಿನ ಅಡುಗೆಗೆ ಕಡಲೆಕಾಳು ನೆನೆಹಾಕಿದಂತೆ ಅದು. ಊಟವಾದ ಮೇಲೆ ಎಡಮಗ್ಗುಲಿಗೆ ಸ್ವಲ್ಪ ಅಡ್ಡಾಗಲೇಬೇಕು. ಆ ಹೊತ್ತಿನಲ್ಲಿ ಪುಸ್ತಕ ಮುಟ್ಟಿದರೆ ಕಣ್ಣು ಕೆಕ್ಕರಿಸುತ್ತಿದ್ದರು. ನಾನು ನೋಡಿದ ವಿಡಿಯೋಗಳಲ್ಲೂ ಇದೇ ಮಾತುಗಳಿದ್ದವು, ಸುಳ್ಳಲ್ಲ. ಆದರೆ ಆ ವಿಡಿಯೋಗಳಲ್ಲಿ ಬರುವವರು ಯಾರೂ ನನ್ನ ಮನೆಯ ಹೊಸಿಲಲ್ಲಿ ಸೌಟು ಹಿಡಿದು ಕಾವಲು ನಿಂತಿರಲಿಲ್ಲ.

ತಿಂಗಳ ಆ ಮೂರು ದಿನ ಮಡಿ ಉಡುವಂತಿಲ್ಲ. ಅಯ್ಯೋ, ಓದು ನಿಂತಿತಲ್ಲ ಎಂದು ನಾನು ಪೇಚಾಡಿದಾಗ ಅತ್ತೆ ಹಿಂದಿನ ಸಣ್ಣ ಕೋಣೆ ಗುಡಿಸಿ ಚಾಪೆ ಹಾಕಿದರು. "ಈಗಂತೂ ಯಾರೂ ಹತ್ರಾನೇ ಬರಲ್ಲ. ಇನ್ನೂ ಒಳ್ಳೇದಾಯ್ತು, ಸಾಯಂಕಾಲದವರೆಗೂ ಓದು. ಊಟ ಅಲ್ಲಿಗೇ ಕಳಿಸ್ತೀನಿ." ನನಗೆ ಕೋಪ ಬರಬೇಕಾಗಿತ್ತು. ಮಡಿಯ ಶಾಸ್ತ್ರವನ್ನು ಅವರು ಹೀಗೆ ಹಿಂದುಮುಂದು ಮಾಡುತ್ತಿದ್ದ ರೀತಿಗೆ ನಗು ಬಂತು. ರಸಾಯನಶಾಸ್ತ್ರದ ಬಹುಪಾಲು ಮುಗಿದದ್ದು ಆ ಕೋಣೆಯಲ್ಲೇ.

ಆಶ್ವಯುಜದಲ್ಲಿ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಬರುವುದೇ ಅಪರೂಪ. ಆ ವರ್ಷ ಬಂದದ್ದು ಹೋಗುವ ಹೆಸರೇ ಎತ್ತಲಿಲ್ಲ. ಬೆಟ್ಟ ದಿನಗಟ್ಟಲೆ ಕಾಣಲಿಲ್ಲ. ಕೆರೆಗಳು ತುಂಬಿದವೆಂದು ಊರೆಲ್ಲ ಸಂಭ್ರಮವಾದರೆ ನಮ್ಮ ಮನೆಯಲ್ಲಿ ಮಡಿಸೀರೆ ಒಣಗದೆ ಫಜೀತಿ. ಗಳುವಿನ ಮೇಲೆ ಹಾಕಿದ್ದು ಹಾಕಿದ ಹಾಗೆ ತೊಟ್ಟಿಕ್ಕುತ್ತಿತ್ತು. ಅತ್ತೆ ಒದ್ದೆಯದ್ದನ್ನೇ ಹಿಂಡಿ ಉಟ್ಟರು. ನನಗೆ ಶೀತವಾದರೆ ಓದು ಕೆಡುತ್ತದೆಂದು ಟ್ರಂಕಿನಿಂದ ದಾಬಳಿ ತೆಗೆದರು. ಉಣ್ಣೆಗೆ ಒಗೆಯುವ ಗೊಡವೆಯಿಲ್ಲ, ಅದು ಸದಾ ಮಡಿ. ಅವರ ಅತ್ತೆ ಉಡುತ್ತಿದ್ದದ್ದಂತೆ. ಉಟ್ಟ ಕ್ಷಣದಿಂದ ಮೈಯೆಲ್ಲ ತುರಿಕೆ. ಒಂದು ಉಪಕಾರವಾಯಿತು, ಮಳೆಯ ಜೋಗುಳಕ್ಕೆ ತೂಕಡಿಕೆ ಬರುತ್ತಿದ್ದದ್ದು ಪೂರ್ತಿ ನಿಂತುಹೋಯಿತು. ಕುತ್ತಿಗೆ ಕೆರೆದುಕೊಳ್ಳುತ್ತ, ಹುಳಿಯ ಘಮ ಹೀರುತ್ತ, ಹೆಂಚಿನ ಮೇಲಿನ ಮಳೆ ಕೇಳುತ್ತ ನಾನು ಓದಿದಂತೆ ಹಿಂದೆಂದೂ ಓದಿರಲಿಲ್ಲ. ಆ ದಿನಗಳಲ್ಲಿ ನಾನು ಬಹಳ ಸುಖವಾಗಿದ್ದೆ.

ದೀಪಾವಳಿಗೆ ಮಾವನ ಅಕ್ಕ ಬಂದರು. ಶ್ರೀನಿವಾಸಪುರದವರು, ಕಾವೇರಮ್ಮ ಅಂತ. ಮಾವಿನ ತೋಪಿನ ಮನೆಯವರು, ಗಟ್ಟಿ ಧ್ವನಿ, ಮಡಿಯಲ್ಲಿ ಅತ್ತೆಗಿಂತ ಒಂದು ಕೈ ಮೇಲು. ಹಬ್ಬ ಕಳೆದ ಬೆಳಿಗ್ಗೆ ಅಡುಗೆಮನೆಯ ಹೊಸಿಲಲ್ಲಿ ನಿಂತು ನನ್ನನ್ನು ನೋಡಿದರು. ದಾಬಳಿ ಉಟ್ಟು, ಮಣೆಯ ಮೇಲೆ ಕೂತು, ಕಪ್ಪೆಯ ಜೀರ್ಣಾಂಗದ ಚಿತ್ರ ಬರೆಯುತ್ತಿದ್ದೆ.

"ಏನೇ ಪದ್ಮಾ ಇದು? ನಮ್ಮಮ್ಮನ ದಾಬಳಿ ಉಟ್ಕೊಂಡು ಕಪ್ಪೆ ಬರೀತಾ ಕೂತಿದಾಳೆ ನಿನ್ನ ಸೊಸೆ?"

"ಪರೀಕ್ಷೆಗೆ ಓದ್ತಿದಾಳೆ ಅತ್ತಿಗೆ," ಎಂದರು ಅತ್ತೆ.

"ಓದ್ಲಿ, ಬೇಡ ಅಂದೋರ್ಯಾರು? ಅದಕ್ಕೆ ಮಡಿ ಯಾಕೆ? ಮಡಿ ಇರೋದು ದೇವರಿಗೆ. ದೇವರ ಹೆಸರು ಹೇಳಿ ಕೆಲಸ ತಪ್ಪಿಸ್ಕೊಳ್ಳೋದು ಮೋಸ ಅಲ್ವಾ? ನಾವೆಲ್ಲ ಮಡೀಲಿದ್ದಾಗ ಬಾಯಲ್ಲಿ ನಾಮ ಬಿಟ್ರೆ ಬೇರೆ ಬರ್ತಿರ್ಲಿಲ್ಲ."

ನಾನು ಪುಸ್ತಕ ಮುಚ್ಚಿ ಏಳಲು ಹೋದೆ. ಅತ್ತೆ ತಿರುಗಿ ನೋಡದೆ, "ಕೂತ್ಕೋ," ಎಂದರು. ಆಮೇಲೆ ಸೌಟನ್ನು ತಟ್ಟೆಯ ಮೇಲಿಟ್ಟು ಅತ್ತಿಗೆಯ ಕಡೆ ತಿರುಗಿದರು. ನಂಗಲಿಯಾಚೆಯ ಆಂಧ್ರದ ಹಳ್ಳಿಯಿಂದ ಬಂದವರು ನಮ್ಮತ್ತೆ, ಮನಸ್ಸಿನೊಳಗಿನದ್ದನ್ನು ಹೇಳುವಾಗ ಮಾತಿನಲ್ಲಿ ತೆಲುಗು ಹೊಕ್ಕುಬಿಡುತ್ತದೆ.

"ಅತ್ತಿಗೆ, ನಾನು ಈ ಮನೆಗೆ ಬಂದಾಗ ಕನ್ನಡ ಸರಿಯಾಗಿ ಬರ್ತಿರ್ಲಿಲ್ಲ. ಮನೆ ತುಂಬ ಜನ. ಎಲ್ಲರ ಬಾಯಲ್ಲೂ ಪದ್ಮಾ, ಪದ್ಮಾ. ನೀರು ಕೊಡು, ಮಗು ಎತ್ಕೋ, ಎಲೆ ಹಾಕು. ರಾತ್ರಿ ಮಲಗಿದ್ರೂ ಕರೀತಿದ್ರು. ಮಡಿ ಉಟ್ಟಾಗ ಮಾತ್ರ ಯಾರೂ ಕರೀತಿರ್ಲಿಲ್ಲ. ಅದಕ್ಕೇ ನಾನೇ ಮುಂದೆ ಬಿದ್ದು ಮಡಿ ಅಡುಗೆ ನಂಗಿರ್ಲಿ ಅಂದೆ. ನೀವೆಲ್ಲ ಎಷ್ಟು ಭಕ್ತಿ ಅಂದ್ಕೊಂಡ್ರಿ."

"ಅಂದ್ರೆ? ಮಡೀಲಿ ನೀನೇನ್ ಮಾಡ್ತಿದ್ದೆ?"

"ಒಲೆ ಮೇಲೆ ಬೇಳೆ ಬೇಯ್ತಿರೋದು. ನಾನು ಆ ಕಿಟಕಿ ಹತ್ರ ಕೂತಿರ್ತಿದ್ದೆ. ಊರಿಕೇ."

ಊರಿಕೇ ಎಂದರೆ ತೆಲುಗಿನಲ್ಲಿ ಸುಮ್ಮನೆ ಎಂದರ್ಥ. ನಮ್ಮ ಸೀಮೆಯಲ್ಲಿ ಅದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಅತ್ತೆ ಅದನ್ನು ಅಂದ ರೀತಿಗೆ ಕಾವೇರಮ್ಮನವರು ತೆರೆದ ಬಾಯಿ ಮುಚ್ಚಿದರು. ನಾನು ಕಪ್ಪೆಯ ಚಿತ್ರವನ್ನೇ ನೋಡುತ್ತಿದ್ದೆ, ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ನಾನು ಕೂತಿದ್ದ ಮೂಲೆ, ನನ್ನ ಕಿಟಕಿ, ಎಲ್ಲವೂ ಅವರದ್ದು. ಆ ಮನೆಯಲ್ಲಿ ತಮ್ಮದೆಂದು ಇದ್ದ ಒಂದೇ ಜಾಗವನ್ನು ಅವರು ಬಾಯಿಬಿಡದೆ ನನಗೆ ಬಿಟ್ಟುಕೊಟ್ಟಿದ್ದರು. ಈಗ ಒಲೆಯ ಮುಂದೆ ನಿಂತೇ ಇರುತ್ತಿದ್ದರು. ಅದುವರೆಗೂ ಅವರ ಮೇಲೆ ನನಗೆ ಇದ್ದದ್ದು ಗೌರವ. ಪ್ರೀತಿ ಹುಟ್ಟಿದ್ದು ಆ ಬೆಳಿಗ್ಗೆ.

ಕಾವೇರಮ್ಮನವರು ಮತ್ತೆ ಆ ಮಾತು ಎತ್ತಲಿಲ್ಲ. ಹೊರಡುವ ದಿನ ನನ್ನ ಕೈಗೆ ಮಾವಿನ ಹಣ್ಣಿನ ಹಪ್ಪಳದ ಪೊಟ್ಟಣ ಕೊಟ್ಟು, "ಓದ್ತಾ ಓದ್ತಾ ತಿನ್ನು. ಮಡೀಲಿ ತಿನ್ಬಾರ್ದು, ಆಮೇಲೆ ತಿನ್ನು," ಎಂದರು.

ಮಾರ್ಗಶಿರದಲ್ಲಿ ಮಳೆ ನಿಂತು ಚಳಿ ಬಿತ್ತು. ಅವರೆಕಾಯಿಯ ಸೊಗಡು ಬೀದಿಯ ತುಂಬ. ಈ ಕಾಲದಲ್ಲಿ ನಮ್ಮ ಕಡೆ ಹೆಂಗಸರ ಕೈಗೆ ಬಿಡುವೇ ಇರುವುದಿಲ್ಲ. ಕಾಯಿ ಬಿಡಿಸಿ, ಕಾಳು ನೆನೆಹಾಕಿ, ಒಂದೊಂದೇ ಕಾಳು ಹಿತುಕಿ ಸಿಪ್ಪೆ ತೆಗೆಯುತ್ತ ಕೂತರೆ ಮಧ್ಯಾಹ್ನವೇ ಕಳೆದುಹೋಗುತ್ತದೆ. ಆ ವರ್ಷ ನಾನು ಒಂದು ಕಾಳನ್ನೂ ಹಿತುಕಲಿಲ್ಲ. ಪಡಸಾಲೆಯಲ್ಲಿ ಮಾವ, ಶ್ರೀನಿಧಿ, ಅನು ಮೂವರನ್ನೂ ಕೂರಿಸಿ ಅತ್ತೆ ಕೆಲಸ ತೆಗೆಸಿದರು. ಮಾವ ಹಿತುಕಿದ ಕಾಳು ಹಾರಿ ಹಾರಿ ನನ್ನ ಹೊಸಿಲಿನೊಳಗೆ ಬೀಳುತ್ತಿದ್ದವು. ಹಿತಕಿದಬೇಳೆ ಸಾರು ಅಷ್ಟು ರುಚಿಯಾಗಿ ಯಾವತ್ತೂ ಆಗಿರಲಿಲ್ಲ ಎಂದು ಮಾವ ಈಗಲೂ ಹೇಳಿಕೊಳ್ಳುತ್ತಾರೆ.

ಪರೀಕ್ಷೆ ಕೋಲಾರದಲ್ಲಿ. ಬೆಳಗಿನ ಬಸ್ಸಿಗೆ ಅತ್ತೆ ಬಾಗಿಲವರೆಗೂ ಬಂದರು. ಆಶೀರ್ವಾದ, ಮೊಸರು ಸಕ್ಕರೆ ಎಲ್ಲ ಆದ ಮೇಲೆ, "ಪೆನ್ಸಿಲು?" ಎಂದರು. "ಇಟ್ಕೊಂಡಿದ್ದೀನಿ," ಎಂದೆ.

ಪರೀಕ್ಷೆಯ ಕೋಣೆಯಲ್ಲಿ ಗದ್ದಲವೋ ಗದ್ದಲ. ಕಿಟಕಿಯಾಚೆ ಯಾರದೋ ಮದುವೆಯ ವಾದ್ಯ, ಹೊರಗೆ ರಾಶಿ ಹಾಕಿದ್ದ ಬ್ಯಾಗುಗಳಲ್ಲಿ ಯಾರದೋ ಫೋನು ಬಡಿದುಕೊಳ್ಳುತ್ತಿತ್ತು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಅಕ್ಷರಗಳು ಕುಣಿದವು. ಇದೇ ಕೊನೆ, ಇದೇ ಕೊನೆ ಎಂಬುದೊಂದೇ ತಲೆಯಲ್ಲಿ. ನಾನು ಪತ್ರಿಕೆಯನ್ನು ಮಗುಚಿಟ್ಟೆ. ಸೀರೆಯ ಸೆರಗನ್ನು ಮಡಿಯಲ್ಲಿ ಮಾಡುವಂತೆ ಸುತ್ತಿ ಸೊಂಟಕ್ಕೆ ಬಿಗಿದೆ. ಪೆನ್ನು, ಪೆನ್ಸಿಲು, ಪ್ರವೇಶಪತ್ರ ಕೈಗೆಟಕುವಂತೆ ಜೋಡಿಸಿದೆ. ಕಣ್ಣು ಮುಚ್ಚಿದೆ. ಒಲೆಯ ಕಡೆಯಿಂದ "ಕೂತ್ಕೋ" ಎಂದದ್ದು ಕೇಳಿದಂತಾಯಿತು. ಕಣ್ಣು ಬಿಟ್ಟಾಗ ವಾದ್ಯ ಇರಲಿಲ್ಲ. ಇದ್ದಿರಬೇಕು, ನನಗೆ ಕೇಳಲಿಲ್ಲ.

ನಡುವೆ ಒಬ್ಬರು ನನ್ನ ಭುಜ ಮುಟ್ಟಿದರು. ಅಷ್ಟು ತಿಂಗಳ ಅಭ್ಯಾಸಕ್ಕೆ ನಾನು ಬೆಚ್ಚಿ, ಬೆಂಚಿನ ತುದಿಗೆ ಸರಿದುಬಿಟ್ಟೆ. ಕೊಠಡಿಯ ಮೇಡಂ ಅವರು. "ಪೇಪರ್ ಕಿತ್ಕೊಳ್ಳೋಕ್ ಬಂದಿಲ್ಲಮ್ಮ, ಸೈನ್ ಹಾಕಿ ಅಷ್ಟೇ," ಎಂದು ನಕ್ಕರು. ಸಂಜೆ ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸ್ನಾನ ಮಾಡ್ಬೇಕಿತ್ತು ಕಣೇ ಮತ್ತೆ, ಮಧ್ಯದಲ್ಲಿ ಎದ್ದು," ಎಂದರು.

ಫಲಿತಾಂಶಕ್ಕೆ ಬಹಳ ದಿನ ಕಾಯಿಸಿದರು. ಯುಗಾದಿಯೂ ಕಳೆದು, ಬಿಸಿಲು ಏರಿ, ಶ್ರೀನಿವಾಸಪುರದಿಂದ ಮೊದಲ ಮಾವು ಬಂದಿದ್ದ ದಿನ ಶ್ರೀನಿಧಿ ತಾವು ಕೆಲಸ ಮಾಡುವ ಕೋಲಾರದ ಆಡಿಟರ್ ಕಚೇರಿಯಿಂದ ಫೋನು ಮಾಡಿದರು. ಪಟ್ಟಿಯಲ್ಲಿ ನನ್ನ ಹೆಸರಿತ್ತು.

ಬೆಳಗಿನ ಹೊತ್ತು, ಅತ್ತೆ ಮಡಿಯಲ್ಲಿದ್ದರು. ನಾನು ಓಡಿಹೋಗಿ ಹೊಸಿಲಿನಲ್ಲಿ ನಿಂತೆ. "ಅತ್ತೆ, ಆಯ್ತು. ಸೆಲೆಕ್ಟ್ ಆಯ್ತು."

ಅವರು ತಿರುಗಿ ನನ್ನನ್ನು ನೋಡಿದರು. ಒಲೆ ಆರಿಸಿದರು. ನಾನು ಅಷ್ಟು ತಿಂಗಳು ಕೂತಿದ್ದ ಮಣೆಯ ಮೇಲೆ ಹೋಗಿ, ಕಿಟಕಿಯ ಕಡೆ ಮುಖ ಮಾಡಿ ಕೂತರು. ಸೆರಗು ಕಣ್ಣಿಗೆ ಹೋಯಿತು. ಭುಜ ಅಲುಗುತ್ತಿತ್ತು. ಓಡಿಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು. ಹೋಗಲಿಲ್ಲ. ಆ ಹೊತ್ತು ಅವರದ್ದು, ಅದರಲ್ಲಿ ನಾನೂ ಕಾಲಿಡಬಾರದು ಅನ್ನಿಸಿ ಹೊಸಿಲಿನಲ್ಲೇ ನಿಂತಿದ್ದೆ. ಹಿಂದೆ ಪಡಸಾಲೆಯಲ್ಲಿ ಮಾವ ಫೋನಿನಲ್ಲಿ ಪಟ್ಟಿ ನೋಡಲು ಕನ್ನಡಕ ಹುಡುಕುತ್ತಿದ್ದರು. ಯಾರನ್ನೂ ಕರೆಯದೆ ತಾವೇ ಹುಡುಕಿಕೊಂಡರು.

ಈಗ ನಾನು ತಾಯಲೂರಿನ ಕಡೆಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಬೆಳಗಿನ ಅಡುಗೆ ನಾನೂ ಶ್ರೀನಿಧಿಯೂ ಸೇರಿ ಮಾಡಿ ಓಡುತ್ತೇವೆ. ಮಡಿ ನಮ್ಮಿಬ್ಬರಿಂದಲೂ ಆಗದು, ಅತ್ತೆ ಬೇಕೆಂದೂ ಅನ್ನಲಿಲ್ಲ. ಹೊಸಿಲು ಈಗ ಎಲ್ಲರೂ ದಾಟುತ್ತಾರೆ. ಹೋದ ಬೇಸಿಗೆಯಲ್ಲಿ ಅತ್ತೆಯ ಮಂಡಿಗೆ ಆಪರೇಷನ್ ಆಯಿತು. ಅಂದಿನಿಂದ ಅವರ ಸುತ್ತ ಸದಾ ಜನ. ವ್ಯಾಯಾಮ ಮಾಡಿಸುವವರು, ನೋಡಲು ಬರುವವರು, ಮಾತ್ರೆ ನುಂಗಿದಿರಾ ಎಂದು ಕೇಳುವ ನಾವು. ಹಾಸಿಗೆಯ ಪಕ್ಕ ಒಂದು ಫೋನು, ಅದರಲ್ಲಿ ಕ್ಷೇಮ ಕೇಳುವ ಊರೆಲ್ಲ. ಎಲ್ಲರಿಗೂ ನಗುನಗುತ್ತ ಉತ್ತರ ಹೇಳುತ್ತಿದ್ದರು. ಅವರಿಗೆ ಏನೋ ಕೊರತೆಯಿದೆ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ದಸರಾ ರಜೆಯ ಆ ಬೆಳಿಗ್ಗೆ ಸ್ನಾನ ಮಾಡಿ ಬಂದು, ವಾಕರ್ ಹಿಡಿದು ನಿಂತು, "ದಾಬಳಿ ತೆಕ್ಕೊಡೇ," ಎಂದರು.

ನಾನು ಗಾಬರಿಯಾದೆ. "ಅಡುಗೆ ನಾನು ಮಾಡ್ತಿದ್ದೀನಲ್ಲ ಅತ್ತೆ. ಈ ಕಾಲಲ್ಲಿ ನೀವು ಒಲೆ ಮುಂದೆ ನಿಲ್ಲೋದು ಬೇಡ."

"ಅಡುಗೆಗಲ್ಲ ಕಣೇ," ಎಂದರು.

ಒಂದು ಕ್ಷಣ ಅವರ ಮುಖ ನೋಡಿದೆ. ಟ್ರಂಕು ಇಳಿಸಿದೆ. ಮಣೆಯ ಮೇಲೆ ಕೂರಲು ಅವರಿಂದ ಆಗದು. ಆ ಮೂಲೆಗೆ ಒಂದು ಕುರ್ಚಿ ತಂದು ಕಿಟಕಿಯ ಕಡೆಗೆ ತಿರುಗಿಸಿಟ್ಟೆ. ದಾಬಳಿಯನ್ನು ಕುರ್ಚಿಯ ಮೇಲಿಟ್ಟು ನಾನು ಈಚೆ ಬಂದೆ. ಅವರೇ ಹೊದ್ದುಕೊಂಡು ಕೂತರು. ಅವರ ಫೋನು ಅಕ್ಕಿಡಬ್ಬದೊಳಗೆ ಹೋಯಿತು. ಈಗ ಹೈಸ್ಕೂಲಿನ ಅನುವಿಗೂ, ಮಾವನಿಗೂ ಕಣ್ಣಲ್ಲೇ ಹೇಳಿದೆ. ಇಬ್ಬರೂ ತಲೆಯಾಡಿಸಿದರು. ನಾನು ತರಕಾರಿ ಹೆಚ್ಚಲು ಹೊಸಿಲಿನಾಚೆಯೇ ಈಳಿಗೆಮಣೆ ಹಾಕಿಕೊಂಡು ಕೂತೆ.

ಸ್ವಲ್ಪ ಹೊತ್ತಿಗೆ ಡಬ್ಬದೊಳಗೆ ಫೋನು ಗುಂಯ್‌ಗುಟ್ಟಿತು. ಶ್ರೀನಿವಾಸಪುರದ ಕಾವೇರಮ್ಮನವರು.

"ಪದ್ಮಂಗೆ ಕೊಡೇ ಫೋನು."

"ಅತ್ತೆ ಮಡೀಲಿದ್ದಾರೆ. ಹನ್ನೊಂದರ ಮೇಲೆ ಮಾಡ್ತೀರಾ?"

"ಮಡೀನಾ? ಆ ಕಾಲಿಟ್ಕೊಂಡು? ಏನ್ ಮಾಡ್ತಿದಾಳೆ ಮಡೀಲಿ?"

ನಾನು ಬಗ್ಗಿ ಒಳಗೆ ನೋಡಿದೆ. ಮೋಡ ಸ್ವಲ್ಪ ಸರಿದು ಬೆಟ್ಟದ ತುದಿ ಕಾಣುತ್ತಿತ್ತು. ಅತ್ತೆ ದಾಬಳಿಯೊಳಗಿನ ಕುತ್ತಿಗೆಯನ್ನು ಮೆಲ್ಲಗೆ ಕೆರೆದುಕೊಂಡು, ಕೈಯನ್ನು ಮಡಿಲಲ್ಲಿಟ್ಟುಕೊಂಡರು.

"ಊರಿಕೇ ಕೂತಿದಾರೆ," ಎಂದೆ.